ಬರಿತಲೆಯ ಅಕ್ಷರಗಳು

ಆದವಾನಿಯ ಹತ್ತಿ ಮಂಡಿಯಿಂದ ಕೇಳಿ ತಂದ
ಹನ್ನೊಂದು ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ರಟ್ಟು,
ಬಿಚ್ಚಿದರೆ ಇನ್ನೂ ಸೀನು ಬರಿಸುವ ಧೂಳು.
ಅನಂತಪುರದ ಪ್ರಯೋಗಶಾಲೆಯಲ್ಲಿ
ಸ್ಕ್ಯಾನರಿನ ಗಾಜಿಗೆ ಹಾಳೆಗಳನ್ನು ಬೋರಲು ಮಲಗಿಸಿ
ಅಂಚಿನ ನೀಲಿ ಕಲೆಗಳನ್ನೆಲ್ಲ ಅಳಿಸಿ
ಅಕ್ಷರ ಕತ್ತರಿಸುತ್ತೇನೆ:
ಮೂವತ್ತೆರಡು ಚುಕ್ಕಿ ಅಗಲ, ಮೂವತ್ತೆರಡು ಎತ್ತರ,
ಒಂದೊಂದಕ್ಕೂ ಕಿಟಕಿಯಿಲ್ಲದ ಒಂದು ಕೋಣೆ.

ಕೆಲಸ ಇಷ್ಟೇ. ಇದು ಕನ್ನಡದ್ದೋ ತೆಲುಗಿನದ್ದೋ
ಯಂತ್ರ ಹೇಳಬೇಕು.
ಅದಕ್ಕೂ ಮೊದಲು ನಾನು ಹೇಳಬೇಕು, ಆರು ಸಾವಿರ ಸಲ.
ಸೊನ್ನೆ ಒತ್ತಿದರೆ ಕನ್ನಡ, ಒಂದು ಒತ್ತಿದರೆ ತೆಲುಗು.

ಮೊದಮೊದಲು ಸಲೀಸು. ತಲೆಕಟ್ಟು ನೋಡಿದರೆ ಸಾಕು.
ಕನ್ನಡದ್ದು ಮಟ್ಟಸ, ತುದಿಯಲ್ಲಿ ಚೂರು ಕೊಂಕು;
ತೆಲುಗಿನದು ಮೇಷ್ಟ್ರು ಉತ್ತರಕ್ಕೆ ಹಾಕುವ ರೈಟು.
ಆರನೇ ತರಗತಿಗೆ ತೆಲುಗು ಶಾಲೆ ಸೇರಿದ ವರ್ಷ
ನಾನು ಬರೆದದ್ದೆಲ್ಲ
ಬರೆಯುವಾಗಲೇ ಸರಿಯಾಗಿಬಿಡುತ್ತಿತ್ತು.

ಆಮೇಲೆ ಬಂದವು ತಲೆಗೆ ಏನೂ ಕಟ್ಟದವು.
ಲ. ಣ. ಬ. ಟ. ಜ.
ರುಮಾಲು ಬಿಚ್ಚಿಟ್ಟು ನಲ್ಲಿಯ ಕೆಳಗೆ
ತಲೆ ಒಡ್ಡಿದ ಹಮಾಲರು:
ಯಾರು ಯಾವ ಊರಿನವರು?
ಬೆಳಗ್ಗೆ ಕನ್ನಡ ಅಂದ ಬ ಊಟದ ಮೇಲೆ ತೆಲುಗು.
ಎರಡೂ ದಾಖಲಾಗಿವೆ, ನನ್ನ ಹೆಸರಿನ ಕೆಳಗೇ.

ಪ್ರಭಾವತಿ ಮೇಡಂ ಬೋರ್ಡಿನ ತುಂಬ ಚುಕ್ಕಿ ಇಟ್ಟು ಹೇಳಿದರು:
ಗೊತ್ತಾಗದಿದ್ದರೆ ನೆರೆಯವರನ್ನು ಕೇಳು.
ಹತ್ತಿರದ ಐದು ಮನೆ, ಹೆಚ್ಚು ಮಂದಿ ಅಂದದ್ದೇ ಖರೆ.
ಸಮಸಂಖ್ಯೆ ಬೇಡ, ಪಂಚಾಯ್ತಿ ಮುಗಿಯೋದಿಲ್ಲ.

ನಮ್ಮ ಓಣಿ ನೆನಪಾಯಿತು.
ಎಡಕ್ಕೆ ಲಿಂಗಮ್ಮತ್ತೆ, ತೆಲುಗು; ಸಿಟ್ಟು ಬಂದರೆ ಕನ್ನಡ.
ಬಲಕ್ಕೆ ಟೇಲರ್ ಸಿದ್ರಾಮ, ಕನ್ನಡ; ಅಳತೆ ಮಾತ್ರ ತೆಲುಗು.
ಎದುರಿಗೆ ಖಾಜಾಬಿ, ಅದು ಮೂರನೆಯದು.
ಹಿಂದಿನ ಮನೆಗೆ ಬೀಗ.
ಐದನೆಯದು ನಾವೇ, ಪಿಂಜಾರರು,
ದರ್ಗಾಕ್ಕೆ ಸಕ್ಕರೆ, ಮಾರೆಮ್ಮನಿಗೆ ಬೇವು.
ನಮ್ಮನ್ನು ವಿಚಾರಿಸಲು ಬಂದವರು
ಪಕ್ಕದ ಮನೆಯಲ್ಲಿ ಕೇಳಿ ಹೋಗುತ್ತಾರೆ.

ಎರಡು ತಿಂಗಳಿಗೆ ನೂರಕ್ಕೆ ತೊಂಬತ್ತನಾಲ್ಕು.
ಉಳಿದ ಆರಕ್ಕೆ ಸುತ್ತು ಹಾಕಿ ಮೇಡಂ ಅಂದರು,
ಬರೆದ ಕೈ ಇನ್ನೂ ಇದೆಯೇ?

ಶನಿವಾರ ಗುಂತಕಲ್ ದಾಟಿ ಊರಿಗೆ ಹೋದೆ.
ಗುಮಾಸ್ತ ಮಹಾನಂದಪ್ಪನವರು, ಎಪ್ಪತ್ತೇಳು,
ಉಗ್ಗಾಣಿಯ ತಟ್ಟೆ ಸರಿಸಿ ಲ್ಯಾಪ್‌ಟಾಪಿಗೆ ಬಾಗಿದರು.
ಪರದೆಯ ತುಂಬ ಅವರದೇ ಎರಡಕ್ಷರ: ಜಲ.
ಇದು ಯಾವುದು ತಾತ, ಕನ್ನಡವೋ ತೆಲುಗೋ?
ಬಜ್ಜಿ ಎಣ್ಣೆಯ ಬೆರಳಿನಿಂದ ತೆರೆ ಮುಟ್ಟಿ ನೋಡಿದರು.

‘ಇದು ಒದ್ದೆ ಹತ್ತಿ, ದಸ್ತಗೀರಮ್ಮಾ.
ಮೂಟೆಗೆ ಎರಡು ಕಿಲೋ ಮುರಿದದ್ದು.’

ಭಾಷೆ?

‘ತಕ್ಕಡಿ ಹತ್ತಿರ ಯಾರು ನಿಂತಿದ್ದರೋ ಅವರದ್ದು.
ಇಣುಕಿ ಓದುತ್ತಿದ್ದರಲ್ಲ, ಬಿಡುತ್ತಿದ್ದರೇ?’

ಓದು ಬಾರದವರು ನಿಂತಿದ್ದರೆ?

ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.
ಒಂದು ಮೆಣಸಿನಕಾಯಿ ಮುರಿದರು.

ಭಾನುವಾರ ರಾತ್ರಿ ಪ್ರಯೋಗಶಾಲೆಯಲ್ಲಿ ಯಾರೂ ಇಲ್ಲ.
ಅಳಿಸುವ ಮೊದಲಿನ ಹಾಳೆಗಳನ್ನು ತೆರೆದೆ.
ಜಲ ಎಂದಿರುವ ಸಾಲುಗಳ ಅಂಚಿನಲ್ಲಿ
ನಾನು ಕಲೆ ಅಂದುಕೊಂಡದ್ದು ಹೆಬ್ಬೆಟ್ಟು.
ಸಹಿ ಇರುವಲ್ಲಿ ಹತ್ತಿ ಒಣಗಿದೆ.
ಹೆಬ್ಬೆಟ್ಟು ಇರುವಲ್ಲೆಲ್ಲ,
ಮಾರ್ಚಿಯ ಕೊನೆಯ ಬಿಸಿಲಲ್ಲೂ,
ಒದ್ದೆ.

ಎಣಿಸಲು ಯಂತ್ರ ಬೇಕಾಗಲಿಲ್ಲ.

ಏಳನೆಯ ಪುಸ್ತಕ, ನೂರ ಹದಿನಾಲ್ಕನೆಯ ಪುಟ.
ಸುಳಿಗೆರೆಗಳ ನಡುವೆ ಅಡ್ಡಲಾಗಿ ಒಂದು ಸೀಳು,
ಹಿಂಜುವ ಬಿಲ್ಲಿನ ನರ ಕೊರೆದದ್ದು.
ಈ ಬೆರಳು ನನಗೆ ಉಣ್ಣಿಸಿದೆ.

ಕರ್ಸರ್ ಮಿಟುಕುತ್ತಿದೆ. ಸೊನ್ನೆಯೋ ಒಂದೋ ಎಂದು
ಪೆಟ್ಟಿಗೆ ಕೇಳುತ್ತಲೇ ಇದೆ.